ಅರ್ಧ ಮಿಲಿಮೀಟರಿನ ತೂತು

ಜ್ವರ ಬಂದ ಮನುಷ್ಯನಿಗೆ ಔಷಧ ಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಔಷಧವನ್ನು ಸೊಳ್ಳೆಗೇ ಕೊಟ್ಟರೆ ಹೇಗೆ? ಡಾ. ಇಂದುಮತಿ ಹಲಗತ್ತಿ ಈ ಪ್ರಶ್ನೆಯನ್ನು ಮೊದಲ ಸಲ ವಿಜ್ಞಾನಿಗಳ ಸಭೆಯೊಂದರಲ್ಲಿ ಎತ್ತಿದಾಗ ಹಿಂದಿನ ಸಾಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ. ಸೊಳ್ಳೆಗೆ ಚೀಟಿ ಬರೆಯುವವರು ಯಾರು, ಗುಳಿಗೆ ನುಂಗಿಸುವವರು ಯಾರು ಎಂದು ಚಹಾದ ಹೊತ್ತಿಗೆ ಒಂದೆರಡು ಚಟಾಕಿಯೂ ಹಾರಿದವು. ನಕ್ಕವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಹಿನ್ನೀರ ಜ್ವರ ಆಗಿನ್ನೂ ಅವರ ಮನೆಗಳಿಗೆ ಬಂದಿರಲಿಲ್ಲ.

ಹಿನ್ನೀರ ಜ್ವರ ಮಲೇರಿಯಾದ ಮೊಂಡು ತಳಿ. ಇದ್ದಬದ್ದ ಗುಳಿಗೆಗಳಿಗೆ ಅದು ಸೊಪ್ಪು ಹಾಕಲಿಲ್ಲ. ಸೊಳ್ಳೆ ಕೊಲ್ಲುವ ಮದ್ದು ಹೊಡೆದರೆ ನಾಲ್ಕೇ ವರ್ಷದಲ್ಲಿ ಆ ಮದ್ದಿಗೆ ಬಗ್ಗದ ಸೊಳ್ಳೆಗಳು ಹುಟ್ಟಿ ಬಂದವು. ಕೃಷ್ಣೆಯ ಹಿನ್ನೀರಿನ ಗುಂಟ ನೂರಕ್ಕೂ ಹೆಚ್ಚು ಊರುಗಳ ಜನ ಅದರೊಂದಿಗೇ ಬದುಕುವುದನ್ನು ಕಲಿತರು. ಸಂಜೆ ಐದೂವರೆಗೆ ಸೈರನ್ ಕೂಗಿದರೆ ಊರಿಗೆ ಊರೇ ಜಾಳಿಗೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಿತ್ತು. ಗೋಧೂಳಿ ಲಗ್ನ ಎಂಬ ಮಾತು ಲಗ್ನಪತ್ರಿಕೆಗಳಿಂದ ಮಾಯವಾಯಿತು. ಆ ಊರುಗಳ ಸುತ್ತ ಸರಕಾರ ಜ್ವರಗಡಿ ಎಂಬ ಗೆರೆ ಎಳೆಯಿತು. ಗೆರೆಯೊಳಗಿನವರು ಹೊರಗೆ ಬರಬೇಕಾದರೆ ಮೂರು ವಾರ ತಡೆಮನೆಯಲ್ಲಿ ಕುಳಿತು, ರಕ್ತ ಪರೀಕ್ಷೆಗೆ ಕೊಟ್ಟು, ಚೀಟಿ ಪಡೆದೇ ಬರಬೇಕು. ಬಸುರಿ, ಬಾಣಂತಿ ಯಾರಿಗೂ ರಿಯಾಯಿತಿ ಇರಲಿಲ್ಲ.

ಈ ರಿಯಾಯಿತಿ ಇಲ್ಲದ್ದೇ ಮೌನೇಶಪ್ಪ ಪತ್ತಾರನಿಗೆ ದೊಡ್ಡ ಸಂಕಟವಾಗಿತ್ತು. ಅವನ ಒಬ್ಬಳೇ ಮಗಳು ಚಂಪಾ ಇದ್ದದ್ದು ಗೆರೆಯೊಳಗಿನ ಹೊಸ ಮರಳಗಡ್ಡಿಯಲ್ಲಿ. ಹಳೆಯ ಮರಳಗಡ್ಡಿ ನೀರಿನಡಿ ಹೋದ ಮೇಲೆ ಊರವರಿಗೆ ಕಟ್ಟಿಕೊಟ್ಟ ತಗಡಿನ ಮನೆಗಳ ಸಾಲು ಅದು. ಚಂಪಾಳ ಮೊದಲ ಕೂಸು, ನಾಲ್ಕು ವರ್ಷದ ಹುಡುಗಿ, ಎರಡು ವರ್ಷದ ಹಿಂದೆ ಹಿನ್ನೀರ ಜ್ವರಕ್ಕೆ ತೀರಿಕೊಂಡಿತ್ತು. ಈ ಶ್ರಾವಣದಲ್ಲಿ ಎರಡನೆಯದು ಹುಟ್ಟಿತು, ಗಂಡು. ಬಾಣಂತನಕ್ಕೆ ತವರಿಗೆ ಕರೆತರಲು ಆಗಲಿಲ್ಲ. ಮೌನೇಶಪ್ಪನೂ ಅವನ ಹೆಂಡತಿ ಕಾಳವ್ವನೂ ಮೊಮ್ಮಗನ ಮುಖವನ್ನು ಫೋನಿನಲ್ಲೇ ನೋಡಿದ್ದರು. ಒಳಗೆ ಹೋಗಲು ಅಡ್ಡಿಯಿರಲಿಲ್ಲ, ಆದರೆ ಹೋದವರು ಮೂರು ವಾರ ಹೊರಬರುವಂತಿಲ್ಲ. ಪ್ರಯೋಗಶಾಲೆಯಲ್ಲಿ ಮೌನೇಶಪ್ಪನಿಲ್ಲದೆ ಮೂರು ದಿನವೂ ಸಾಗುತ್ತಿರಲಿಲ್ಲ, ಅವನನ್ನು ಒಬ್ಬನನ್ನೇ ಬಿಟ್ಟು ಹೋಗಲು ಕಾಳವ್ವನಿಗೂ ಆಗಲಿಲ್ಲ.

ಧಾರವಾಡದ ಹೊರಗೆ, ಗುಡ್ಡದ ಮೇಲಿನ ಆವಿಮಾಪನ ಪ್ರಯೋಗಶಾಲೆಯಲ್ಲಿ ಅವನು ಮೂವತ್ತೊಂದು ವರ್ಷದಿಂದ ಮೆಕ್ಯಾನಿಕ್. ಅಕ್ಕಸಾಲಿಗರ ಮನೆತನ. ಅಪ್ಪನ ಕೈ ಬೋರಮಾಳ, ಬುಗುಡಿ ಮಾಡಿದ್ದಾದರೆ ಮಗನ ಕೈ ಗಾಜಿನ ಕೊಳವೆಗಳನ್ನೂ ಕೂದಲೆಳೆಯಂಥ ತಂತಿಗಳನ್ನೂ ಪಳಗಿಸಿತ್ತು. ದೊಡ್ಡ ದೊಡ್ಡ ಪದವಿಯವರೆಲ್ಲ ಕೈ ಚೆಲ್ಲಿದ ಕೆಲಸ ಕೊನೆಗೆ ಅವನ ಮೇಜಿಗೇ ಬರುತ್ತಿತ್ತು. ಇದರ ಬಗ್ಗೆ ಅವನಿಗೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಅಂಥ ಕೈ ಇದ್ದವನಿಗೆ ಅಷ್ಟೂ ಬೇಡವೇ?

ಇಂದುಮತಿಯವರ ಔಷಧ ಒಂದು ಬಿಳಿ ಪುಡಿ. ಹೊಲದ ಬದುವಿನ ಕಳೆಗಿಡವೊಂದರ ಎಣ್ಣೆಯಿಂದ ತಯಾರಾದ ಸಾವಯವ ಪೆರಾಕ್ಸೈಡ್. ಅದರ ಅಣುವಿನೊಳಗೆ ಆಮ್ಲಜನಕದ ಎರಡು ಪರಮಾಣುಗಳು ಕೈ ಕೈ ಹಿಡಿದು ನಿಂತಿರುತ್ತವೆ. ಅದಕ್ಕೇ ಪ್ರಯೋಗಶಾಲೆಯಲ್ಲಿ ಅದಕ್ಕೆ ಜೋಡಿಪುಡಿ ಎಂದು ಹೆಸರು ಬಿದ್ದಿತ್ತು. ಆ ಹಿಡಿತ ಬಲು ಸಡಿಲ. ಕಬ್ಬಿಣ ತಾಗಿದರೆ ಬಿಟ್ಟುಹೋಗುತ್ತದೆ, ಬಿಟ್ಟುಹೋಗುವಾಗ ಹತ್ತಿರ ಇದ್ದದ್ದನ್ನು ಸುಡುತ್ತದೆ. ಜ್ವರದ ಜೀವಿ ರಕ್ತ ತಿಂದು ಬದುಕುವಂಥದ್ದು, ರಕ್ತದಲ್ಲಿ ಕಬ್ಬಿಣ ಇದ್ದೇ ಇದೆ. ಪುಡಿಯ ಆವಿ ತುಂಬಿದ ಕೋಣೆಯಲ್ಲಿ ಸೊಳ್ಳೆ ಕೆಲವು ತಾಸು ಗೋಡೆಗೆ ಕುಳಿತರೆ ಸಾಕು, ಅದರ ಹೊಟ್ಟೆಯೊಳಗಿನ ಜ್ವರದ ಜೀವಿ ಸುಟ್ಟುಹೋಗುತ್ತದೆ. ಸೊಳ್ಳೆ ಸಾಯುವುದಿಲ್ಲ. ಕಚ್ಚುತ್ತದೆ, ಕಿವಿಯ ಹತ್ತಿರ ಬಂದು ಹಾಡುತ್ತದೆ, ಆದರೆ ಜ್ವರ ತರುವುದಿಲ್ಲ. ತನ್ನನ್ನು ಕೊಲ್ಲದ ಮದ್ದಿನ ವಿರುದ್ಧ ಮೊಂಡಾಗುವ ದರ್ದೂ ಅದಕ್ಕಿಲ್ಲ.

ತೊಡಕು ಇದ್ದದ್ದು ಪ್ರಮಾಣದಲ್ಲಿ. ಗಾಳಿಯಲ್ಲಿ ಆವಿ ಕಡಿಮೆಯಾದರೆ ಜ್ವರದ ಜೀವಿ ಉಳಿಯುತ್ತದೆ. ಹೆಚ್ಚಾದರೆ ದೊಡ್ಡವರಿಗೆ ಕಣ್ಣುರಿ, ಹಸುಗೂಸುಗಳಿಗೆ ಶ್ವಾಸನಾಳವೇ ಸುಟ್ಟುಕೊಳ್ಳುವ ಅಪಾಯ. ಪುಡಿಯನ್ನು ಕಾಗದದ ಪಟ್ಟಿಗೆ ಹಚ್ಚಿ ಮನೆಮನೆಗೆ ತೂಗುಹಾಕುವುದು ಯೋಜನೆ. ಪಟ್ಟಿ ಎಷ್ಟು ಅಗಲವಿರಬೇಕು ಎಂಬುದು ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿತ್ತು: ತಗಡಿನ ಮನೆಯ ಬೇಸಗೆಯ ಬಿಸಿಯಲ್ಲಿ, ಎಂದರೆ ನಲವತ್ತೈದು ಡಿಗ್ರಿಯಲ್ಲಿ, ಆ ಪುಡಿಯ ಆವಿಯ ಒತ್ತಡ ಎಷ್ಟು? ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಕರ್ಪೂರದ ಡಬ್ಬಿಯನ್ನು ಆರು ತಿಂಗಳು ಬಿಟ್ಟು ತೆರೆದರೆ ಬಿಲ್ಲೆಗಳು ಸವೆದಿರುತ್ತವಲ್ಲ, ನೀರಾಗದೆ ನೇರ ಗಾಳಿಯಾಗಿ ಹೋಗುವ ಆ ಅವಸರಕ್ಕೆ ಒಂದು ಅಳತೆ, ಅಷ್ಟೇ.

ಅಳೆಯುವ ಬಗೆ ಹೀಗೆ. ಬೆರಳ ತುದಿಯಷ್ಟು ದೊಡ್ಡ ಗಾಜಿನ ಬಟ್ಟಲಿಗೆ ಚಿಟಿಕೆ ಪುಡಿ ಹಾಕಿ, ಮೇಲೆ ಬಂಗಾರದ ರೇಕಿನ ಮುಚ್ಚಳ ಬಿಗಿಯುವುದು. ಬಂಗಾರ ಯಾಕೆಂದರೆ ಅದು ಪುಡಿಯ ತಂಟೆಗೆ ಹೋಗುವುದಿಲ್ಲ. ಮುಚ್ಚಳದ ನಡುವೆ ಅರ್ಧ ಮಿಲಿಮೀಟರಿನ ಒಂದು ತೂತು. ಸುತ್ತಲಿನ ಗಾಳಿಯನ್ನು ಪಂಪು ಹಚ್ಚಿ ಪೂರಾ ತೆಗೆದುಬಿಟ್ಟರೆ, ಒಳಗಿನ ಆವಿ ಆ ತೂತಿನಿಂದ ಒಂದೊಂದೇ ಅಣುವಾಗಿ ಹೊರಬೀಳುತ್ತದೆ, ಬಟ್ಟಲು ದಿನದಿನಕ್ಕೆ ಹಗುರಾಗುತ್ತದೆ. ಇಳಿದ ತೂಕ, ತೂತಿನ ಅಗಲ, ಕಳೆದ ಹೊತ್ತು, ಈ ಮೂರು ಗೊತ್ತಿದ್ದರೆ ಒತ್ತಡ ಲೆಕ್ಕಕ್ಕೆ ಸಿಗುತ್ತದೆ. ಒಂದು ಅಳತೆಗೆ ಒಂಬತ್ತು ದಿನ. ಕಾವು ಏರಿಸಿ ಬೇಗ ಮುಗಿಸೋಣವೆಂದರೆ, ಅರವತ್ತು ದಾಟಿದ ಮೇಲೆ ಜೋಡಿಪುಡಿ ಆವಿಯಾಗುವುದನ್ನು ಬಿಟ್ಟು ಸಿಡಿಯುವ ಮನಸ್ಸು ಮಾಡುತ್ತದೆ. ಕಾಯದೆ ಬೇರೆ ದಾರಿಯಿಲ್ಲ.

ದಸರೆಯ ಹೊತ್ತಿಗೆ ಇಪ್ಪತ್ತೈದು, ಮೂವತ್ತು, ಮೂವತ್ತೈದು ಡಿಗ್ರಿಯ ಅಳತೆಗಳು ಮುಗಿದಿದ್ದವು. ಹಳೆಯ ಮುಚ್ಚಳದ ಅಂಚು ನೆಗ್ಗಿದ್ದರಿಂದ ಮೌನೇಶಪ್ಪ ಹೊಸದೊಂದನ್ನು ಮಾಡಿದ. ಸೂಕ್ಷ್ಮದರ್ಶಕದ ಕೆಳಗಿಟ್ಟು ತೂತಿನ ಅಗಲ ಅಳೆದ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ. ಮರುದಿನ ಖಂಡೆಪೂಜೆ, ಎಂದರೆ ಆಯುಧಪೂಜೆ. ಪಂಪಿಗೆ, ತಕ್ಕಡಿಯ ಗಾಜಿನ ಪೆಟ್ಟಿಗೆಗೆ, ಬಾಗಿಲಿಗೆ ಚೆಂಡುಹೂವಿನ ಹಾರ ಬಿತ್ತು. ಬಟ್ಟಲಿಗೆ ಮಾತ್ರ ಏನೂ ಹಚ್ಚಕೂಡದು ಎಂದು ಇಂದುಮತಿ ಮೊದಲೇ ತಾಕೀತು ಮಾಡಿದ್ದರು. ಮೌನೇಶಪ್ಪ ಬಟ್ಟಲನ್ನು ಮುಟ್ಟಲಿಲ್ಲ. ಆದರೆ ಹೊಸ ಮುಚ್ಚಳ ಅವನ ಪೆಟ್ಟಿಗೆಯಲ್ಲಿ, ಅಪ್ಪನ ಕಾಲದ ಚಿಮಟ, ಅರಗಳ ಪಕ್ಕದಲ್ಲಿತ್ತು. ಅವರ ಮನೆತನದ ಪದ್ಧತಿಯೇ ಹಾಗೆ: ಮಾಡಿದ ಒಡವೆಯನ್ನು ತೂಗಿ, ಬರೆದಿಟ್ಟು, ಗಂಧ ಹಚ್ಚಿ ಪೂಜೆ ಮಾಡಿ, ಆಮೇಲೆ ಕೈಯಿಂದ ಬಿಡುವುದು. ಹೊಸ ಕೆಲಸವನ್ನು ಪೂಜೆಯಿಲ್ಲದೆ ಬಳಕೆಗೆ ಕೊಡುವುದೆಂದರೆ ಅವನಿಗೆ ಕೂಸನ್ನು ಹೆಸರಿಡದೆ ಬಿಟ್ಟ ಹಾಗೆ. ಒಂದು ಬೊಟ್ಟು ಗಂಧ ಇಟ್ಟ, ಕೈ ಮುಗಿದ, ಸಂಜೆ ಹತ್ತಿಯಿಂದ ಒರೆಸಿದ, ಸ್ಪಿರಿಟ್‌ನಲ್ಲಿ ಅದ್ದಿ ತೆಗೆದ. ಮುಚ್ಚಳ ಫಳಫಳ ಹೊಳೆಯಿತು.

ದಸರೆಯ ನಂತರದ ಅಳತೆಗಳಲ್ಲಿ ಒಂದು ವಿಚಿತ್ರ ಕಂಡಿತು. ಮೊದಲಿನ ಮೂರು ಬಿಂದುಗಳು ಕಾಗದದ ಮೇಲೆ ಒಂದೇ ಗೆರೆಯಲ್ಲಿ ನಿಂತಿದ್ದವು. ನಲವತ್ತು, ನಲವತ್ತೈದರ ಬಿಂದುಗಳು ಆ ಗೆರೆಯಿಂದ ಕೆಳಗೆ ಬಿದ್ದವು. ಇಂದುಮತಿ ಎರಡು ವಾರ ತಲೆ ಕೆಡಿಸಿಕೊಂಡರು. ಬಿಸಿಗೆ ಪುಡಿಯ ಹರಳುಗಳು ಹೊಸದೊಂದು ಗಟ್ಟಿ ರೂಪಕ್ಕೆ ತಿರುಗುತ್ತಿರಬೇಕು, ಅದಕ್ಕೇ ಆವಿ ಕಡಿಮೆ ಎಂದು ಅವರಿಗೆ ಹೊಳೆಯಿತು. ಕ್ಷ-ಕಿರಣದ ಚಿತ್ರದಲ್ಲೂ ಅಂಥ ಒಂದು ಮಸುಕು ಗುರುತು ಕಂಡ ಹಾಗಾಯಿತು. ಕಾಣಬೇಕು ಎಂದುಕೊಂಡವರ ಕಣ್ಣಿಗೆ ಕಾಣದ್ದು ಯಾವುದಿದೆ? ಹೊಸ ಹರಳಿನ ಬಗ್ಗೆ ಲೇಖನ ಹೋಯಿತು, ಮೆಚ್ಚುಗೆ ಬಂತು, ದಿಲ್ಲಿಯಿಂದ ಉಪನ್ಯಾಸಕ್ಕೆ ಕರೆಯೂ ಬಂತು. ನಲವತ್ತೈದು ಡಿಗ್ರಿಗೆ ಸೊನ್ನೆ ಬಿಂದು ಒಂಬತ್ತು ಪ್ಯಾಸ್ಕಲ್ ಎಂಬ ಸಂಖ್ಯೆ ಪಟ್ಟಿ ತಯಾರಿಸುವ ಕಾರ್ಖಾನೆಗೆ ಹೋಯಿತು. ಆವಿ ನಿಧಾನವಾಗಿ ಏಳುವ ಪುಡಿಯಾದ್ದರಿಂದ ಪಟ್ಟಿ ಐದು ಬೆರಳು ಅಗಲವಿರಲಿ ಎಂದು ತೀರ್ಮಾನವಾಯಿತು. ಫೆಬ್ರವರಿ ಹತ್ತಕ್ಕೆ ಕಾರ್ಖಾನೆಯ ಯಂತ್ರ ಪಟ್ಟಿ ಕತ್ತರಿಸಲು ಶುರು ಮಾಡಬೇಕಿತ್ತು.

ಸಂಕ್ರಾಂತಿಗೆ ಎರಡು ದಿನ ಇರುವಾಗ, ಬೆಳಗಿನ ಚಹಾದ ಹೊತ್ತಿಗೆ, ಕಾಳವ್ವ ತಾಳಿಯನ್ನು ಹೊಸ ದಾರಕ್ಕೆ ಪೋಣಿಸಲು ಕುಳಿತಿದ್ದಳು. ನಾಲ್ಕು ಗುಂಡು ಸರಾಗ ಪೋಣಿಸಿಕೊಂಡವು. ಐದನೆಯದಕ್ಕೆ ದಾರ ಹೋಗಲೊಲ್ಲದು.

"ಏನ್ರೀ, ಈ ಗುಂಡಿನ ತೂತು ಸಣ್ಣದಾಗೇತಿ ನೋಡ್ರಿ. ಮೊದ್ಲ ಹೋಗ್ತಿತ್ತು."

"ಬಂಗಾರದ ತೂತು ತಾನಽ ಸಣ್ಣದಾಗೂದುಂಟೇನ? ಇಲ್ಲಿ ಕೊಡು," ಎಂದು ಮೌನೇಶಪ್ಪ ನಗುತ್ತ ಇಸಿದುಕೊಂಡ. ಕನ್ನಡಕ ಇಳಿಸಿ ಬೆಳಕಿಗೆ ಹಿಡಿದ. ತೂತಿನ ಒಳಸುತ್ತಿಗೆ ವರ್ಷಗಟ್ಟಲೆ ಹಚ್ಚಿದ ಅರಿಷಿಣ ಕಲ್ಲಿನ ಹಾಗೆ ಕುಳಿತಿತ್ತು. ಹೊರಗಿನಿಂದ ಗುಂಡು ಫಳಫಳ ಹೊಳೆಯುತ್ತಿತ್ತು.

ಸೂಜಿಯಿಂದ ಅದನ್ನು ಕೆರೆಯುತ್ತಿದ್ದವನ ಕೈ ನಿಂತುಬಿಟ್ಟಿತು.

"ಯಾಕ್ರಿ?" ಎಂದಳು ಕಾಳವ್ವ.

ಅವನು ಗುಂಡನ್ನು ಅವಳ ಕೈಗಿಟ್ಟ. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಗುಡ್ಡದ ಬಸ್ಸು ಹಿಡಿದ.

ಪ್ರಯೋಗಶಾಲೆಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಮುಚ್ಚಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದ. ತಾನು ಕೊರೆದ ದುಂಡನೆಯ ತೂತು ಅಲ್ಲಿರಲಿಲ್ಲ. ಒಳ ಅಂಚಿಗೆ ಕಂದು ಬಣ್ಣದ ಗಂಧ ಒಣಗಿ ಉಂಗುರದಂತೆ ಕಟ್ಟಿಕೊಂಡಿತ್ತು. ಅಳೆದ. ಲೆಕ್ಕ ಹಾಕಿದ. ಐದು ಪಾಲಿನ ಬಾಗಿಲಲ್ಲಿ ತೆರೆದಿದ್ದು ಮೂರೇ ಪಾಲು. ಹಾಗಾದರೆ ಆವಿ ನಿಧಾನವಾಗಿ ಎದ್ದಿರಲಿಲ್ಲ, ಅದಕ್ಕೆ ಹೊರಗೆ ಹೋಗಲು ದಾರಿ ಸಾಲದಾಗಿತ್ತು. ನಿಜವಾದ ಒತ್ತಡ ಸೊನ್ನೆ ಬಿಂದು ಒಂಬತ್ತಲ್ಲ, ಸುಮಾರು ಒಂದೂವರೆ. ಐದು ಬೆರಳಿನ ಪಟ್ಟಿ ತೂಗುಹಾಕಿದರೆ ತಗಡಿನ ಮನೆಯೊಳಗೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಆವಿ ತುಂಬುತ್ತದೆ. ಅಂಥ ಮನೆಯೊಂದರಲ್ಲಿ ಐದು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗಿರುತ್ತದೆ.

ಮೌನೇಶಪ್ಪ ಸ್ಟೂಲಿನ ಮೇಲೆ ಕುಳಿತ. ಸೂಜಿಯೊಂದಿದ್ದರೆ ಗಂಧ ಕೆರೆದು ತೆಗೆಯಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದದ್ದು ನಿಜ, ಸುಳ್ಳೇಕೆ ಹೇಳಬೇಕು. ಹೇಳಿಬಿಟ್ಟರೆ ಮತ್ತೆ ಅಳೆಯಬೇಕು. ಹಳೆಯ ಗೆರೆಗೆ ತಾಳೆ ನೋಡಲು ಮೂವತ್ತೈದು, ಆಮೇಲೆ ನಲವತ್ತು, ನಲವತ್ತೈದು: ಮೂರು ಶಾಖ, ಒಂದೊಂದಕ್ಕೆ ಒಂಬತ್ತು ದಿನ. ಒಂದು ಸಲ ಮುಗ್ಗರಿಸಿದ ಮೇಲೆ ಒಂದೇ ತೂತಿನ ಮಾತು ಯಾರು ನಂಬುತ್ತಾರೆ, ಬೇರೆ ಬೇರೆ ತೂತುಗಳಿಂದ ಮೂರು ಮೂರು ಸಲ ನೋಡಬೇಕು. ಎಂಬತ್ತೊಂದು ದಿನ. ಕಾರ್ಖಾನೆಯ ಯಂತ್ರ ಫೆಬ್ರವರಿ ಹತ್ತು ತಪ್ಪಿದರೆ ಬೇರೆ ಕೆಲಸಕ್ಕೆ ಹೋಗುತ್ತದೆ, ಮತ್ತೆ ಸರದಿ ಬರುವುದು ಜೂನ್ ಕೊನೆಗೆ. ಅಲ್ಲಿಯವರೆಗೆ ಚಂಪಾಳ ಮನೆಯಲ್ಲಿ ಪಟ್ಟಿ ಇಲ್ಲ, ಜ್ವರದ ಸೊಳ್ಳೆ ಇದೆ. ಹೇಳದಿದ್ದರೆ ಆವಿ, ಹೇಳಿದರೆ ಸೊಳ್ಳೆ. ಎರಡೂ ಕಡೆ ಅದೇ ಕೂಸು. ಆ ಬೆಳಗ್ಗೆ ಅವನಿಗೆ ತನ್ನ ಎರಡು ಕೈಗಳ ಮೇಲೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ಒಂಬತ್ತೂವರೆಗೆ ಇಂದುಮತಿ ಬಂದರು. ದಿಲ್ಲಿಯ ಉಪನ್ಯಾಸದ ಚಿತ್ರಗಳನ್ನು ಹೊಂದಿಸುತ್ತ ಕುಳಿತಿದ್ದವರ ಮುಂದೆ ಮೌನೇಶಪ್ಪ ಹೋಗಿ ನಿಂತ.

"ಮೇಡಂ, ಒಂದು ತಪ್ಪಾಗೇತ್ರಿ. ಭಾಳ ದೊಡ್ಡ ತಪ್ಪಾಗೇತಿ."

"ಏನಾತು ಕಾಕಾ? ಕೂಡ್ರಿ ಮೊದ್ಲ."

"ಕೂಡೂದಿಲ್ರಿ. ಆ ಮುಚ್ಚಳದ ತೂತಿನ್ಯಾಗ ಗಂಧ ಕುಂತೈತ್ರಿ. ಖಂಡೆಪೂಜಿ ದಿವಸ ನಾನಽ ಹಚ್ಚಿದ್ದು. ಬಟ್ಟಲಕ್ಕ ಹಚ್ಚಬ್ಯಾಡ್ರಿ ಅಂದಿದ್ರಿ, ಬಟ್ಟಲಕ್ಕ ಹಚ್ಚಿಲ್ರಿ. ಮುಚ್ಚಳ ನನ್ನ ಪೆಟಗಿಯೊಳಗ ಇತ್ತು. ಅಳತಿ ತಗೊಂಡು ಬರದ ಮ್ಯಾಲೆ ಹಚ್ಚೀನಿ. ದಸರಾ ಆದ ಮ್ಯಾಲಿನ ಅಳತಿ ಎಲ್ಲಾ ಸುಳ್ಳರಿ."

ಇಂದುಮತಿ ಚಿತ್ರಗಳನ್ನು ಬದಿಗೆ ಸರಿಸಿದರು. ಎದ್ದು ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಬಹಳ ಹೊತ್ತು ಹಚ್ಚಿಯೇ ನಿಂತರು. ಅವರ ಕಿವಿಗಳು ಕೆಂಪಾಗುವುದು ಮೌನೇಶಪ್ಪನಿಗೆ ಕಂಡಿತು.

"ಹೊರಗ ಹೋಗ್ರಿ ಕಾಕಾ," ಎಂದರು ತಲೆಯೆತ್ತದೆ. "ಸ್ವಲ್ಪ ಹೊತ್ತು ನನ್ನ ಮುಂದ ಇರಬ್ಯಾಡ್ರಿ."

ಅವನು ಹೊರಗಿನ ಬೆಂಚಿನ ಮೇಲೆ ಕುಳಿತ. ಇನ್ನು ಹತ್ತು ತಿಂಗಳಿಗೆ ನಿವೃತ್ತಿ. ಮೂವತ್ತೊಂದು ವರ್ಷದ ಹೆಸರು ಒಂದು ಬೊಟ್ಟು ಗಂಧದಲ್ಲಿ ಹೋಯಿತಲ್ಲ ಎಂದುಕೊಂಡ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಳಗಿನ ಫೋನಿನ ಮಾತು ಕೇಳುತ್ತಿತ್ತು. ಮೊದಲ ಕರೆ ಕಾರ್ಖಾನೆಗೆ.

"ಹೌದ್ರಿ, ನಾನೇ ಕೊಟ್ಟ ಸಂಖ್ಯೆ, ಅದು ತಪ್ಪದ. ಅದರ ಮ್ಯಾಲೆ ಒಂದ ಪಟ್ಟೀನೂ ಕತ್ತರಸಬ್ಯಾಡ್ರಿ. ಯಾರ ತಪ್ಪು ಅಂದ್ರ? ನನ್ನ ಪ್ರಯೋಗಶಾಲಾದ್ದು, ಅಂದ್ರ ನಂದು. ಒಂದು ಸಣ್ಣ ಮುಚ್ಚಳ ತಿರಗಿ ಅಳೀಲಿಲ್ಲ ನಾನು. ಹತ್ತನೇ ತಾರೀಖಿಗೆ ಹೊಸ ಸಂಖ್ಯೆ ಕೊಡ್ತೀನಿ. ಕೊಡ್ಲಿಲ್ಲಂದ್ರ ನಿಮ್ಮ ಯಂತ್ರ ನಿಮ್ಮದು."

ಎರಡನೆಯ ಕರೆ ದಿಲ್ಲಿಗೆ. ಉಪನ್ಯಾಸಕ್ಕೆ ಬರುವುದಿಲ್ಲ, ಹೊಸ ಹರಳು ಎಂಬುದು ಇಲ್ಲವೇ ಇಲ್ಲ, ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಎಲ್ಲೂ ಮೌನೇಶಪ್ಪನ ಹೆಸರು ಬರಲಿಲ್ಲ.  ಅವನು ಬೈಸಿಕೊಳ್ಳಲು ತಯಾರಾಗಿ ಬಂದಿದ್ದ, ಹೀಗೆ ಕಾಪಾಡಿಸಿಕೊಳ್ಳಲು ತಯಾರಾಗಿರಲಿಲ್ಲ.

ಮೂಗು ಒರೆಸಿಕೊಂಡು ಅವನು ಒಳಗೆ ಹೋದ.

"ಮೇಡಂ, ತಿರಗಿ ಅಳ್ಯಾಕ ಎಂಬತ್ತೊಂದು ದಿವಸ ಬ್ಯಾಡ್ರಿ. ನಮ್ಮಪ್ಪ ಒಂದ ಮೂಸಿಯೊಳಗ ಬಂಗಾರ ಕಾಸಿ ಮೂರು ಅಚ್ಚಿಗೆ ಒಮ್ಮೆಽ ಹೊಯ್ತಿದ್ದ. ನಾವೂ ಒಂದ ಬಟ್ಟಲಾ ಯಾಕ ಇಡಬೇಕ್ರಿ? ಒಂದ ತಾಮ್ರದ ದಿಮ್ಮಿಯೊಳಗ ಮೂರು ಕುಣಿ ತೋಡ್ತೀನಿ, ಮೂರು ಬಟ್ಟಲಾ ಕೂಡಸ್ತೀನಿ. ಒಂದ ಶಾಖ, ಒಂದ ಪಂಪು. ತೂತು ಮಾತ್ರ ಬ್ಯಾರೆ ಬ್ಯಾರೆ, ಸಣ್ಣದು, ನಡುವಿಂದು, ದೊಡ್ಡದು. ಮೂರೂ ಒಂದಽ ಲೆಕ್ಕ ಹೇಳಿದ್ರ ಖರೆ, ಹೇಳ್ಲಿಲ್ಲಂದ್ರ ಸುಳ್ಳು. ಇಪ್ಪತ್ತೇಳು ದಿವಸಕ್ಕ ಮುಗೀತೈತಿ."

"ದಿಮ್ಮಿ ಮಾಡಾಕ?"

"ಎರಡು ದಿವಸ ಕೊಡ್ರಿ."

ಇಂದುಮತಿ ಗೋಡೆಯ ಕ್ಯಾಲೆಂಡರ್ ನೋಡಿದರು. ಕೈಯಲ್ಲಿದ್ದದ್ದು ಇಪ್ಪತ್ತೊಂಬತ್ತು ದಿನ.

ಎರಡು ದಿನ ಅವನು ಮೇಜು ಬಿಟ್ಟೇಳಲಿಲ್ಲ. ಸಂಕ್ರಾಂತಿಯ ದಿನ ಮಧ್ಯಾಹ್ನ ಇಂದುಮತಿ ಬಂದು, ಅವನ ಮುಂದೆ ಕೈ ಚಾಚಿ ನಿಂತರು. ಅವನು ಅಂಗೈ ಒಡ್ಡಿದ. ಸಕ್ಕರೆಯ ಬಿಳಿ ಕುಸುರೆಳ್ಳು ಸುರಿದರು. ಎರಡು ದಿನದಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತು ಅವರಿಬ್ಬರ ನಡುವೆ ಆಗಿರಲಿಲ್ಲ. ಮೌನೇಶಪ್ಪ ಕುಸುರೆಳ್ಳನ್ನು ಬಾಯಿಗೆ ಹಾಕಿಕೊಂಡು, ಅಂಗೈ ಒರೆಸಿ, ಕೈ ತೊಳೆದು ಬಂದು, ಮೂರೂ ಮುಚ್ಚಳಗಳನ್ನು ಅವರ ಕಣ್ಣೆದುರೇ ಅಳೆದ. ಇಂದುಮತಿ ತಾವೂ ಅಳೆದರು. ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕಿದರು. ಇನ್ನು ಮೇಲೆ ಅಳತೆಗೆ ಮೊದಲೂ ಅಳತೆಯಾದ ಮೇಲೂ ತೂತು ನೋಡಿಯೇ ಬರೆಯುವುದು ಎಂದು ಹೊಸ ಕಟ್ಟಳೆಯಾಯಿತು.

ಆ ಇಪ್ಪತ್ತೇಳು ದಿನ ಹೇಗೆ ಕಳೆದವೆಂದು ಮೌನೇಶಪ್ಪನನ್ನು ಕೇಳಿದರೆ ಅವನು ಈಗಲೂ ಮಾತು ಬದಲಿಸುತ್ತಾನೆ. ಹಗಲಿಗೆ ನಾಲ್ಕು ಸಲ ಶಾಖ ನೋಡುವುದು, ಬೆಳಿಗ್ಗೆ ಒಂದು ಸಲ ತೂಕ. ಗ್ರಾಮಿನ ಲಕ್ಷದಲ್ಲೊಂದು ಪಾಲು ಇಳಿದರೂ ಅದೇ ದೊಡ್ಡ ಸುದ್ದಿ. ತಕ್ಕಡಿಯ ಹತ್ತಿರ ಯಾರೂ ಜೋರಾಗಿ ಉಸಿರಾಡುವಂತಿರಲಿಲ್ಲ. ಹದಿಮೂರನೆಯ ದಿನ ಚಂಪಾ ಫೋನು ಮಾಡಿದಳು.

"ಅಪ್ಪಾ, ಪಟ್ಟಿ ತಡಾ ಆಗ್ತಾವಂತ ನರ್ಸಬಾಯಿ ಅಂದ್ಳು. ಖರೇನ? ಹಿಂದಿನ ಸಾಲಿನ್ಯಾಗ ಎರಡು ಮಂದಿಗೆ ಜ್ವರ ಬಂದೈತಿ. ಸಂಜಿ ಆದ್ರ ನನಗ ಭಾಳ ಅಂಜಿಕಿ. ಇವನ್ನ ಸೀರಿ ಒಳಗ ಸುತಗೊಂಡು ಕುಂಡರ್ತೀನಿ. ನೀ ಅಲ್ಲೇ ಅದಿ, ಸ್ವಲ್ಪ ಲಗೂನ ಮಾಡಸೋ."

"ಮಾಡಾಕತ್ತೀವವ್ವಾ. ಲಗೂನಽ ಬರ್ತಾವು," ಎಂದ ಮೌನೇಶಪ್ಪ. ತಡವಾದದ್ದು ಯಾಕೆಂದು ಹೇಳಲು ಬಾಯಿ ಬರಲಿಲ್ಲ. ಫೋನಿಟ್ಟ ಮೇಲೆ ಕಾಳವ್ವನಿಗೆ ಎಲ್ಲ ಹೇಳಿದ. ಅವಳು ತಾಳಿಯ ಗುಂಡನ್ನು ಬೆರಳಿನಲ್ಲಿ ತಿರುಗಿಸುತ್ತ, "ಆವತ್ತು ದಾರ ಹೋಗಿದ್ರ ಏನಾಕ್ಕಿತ್ರೀ," ಎಂದಳು. ಅದರಾಚೆಗೆ ಅವರಿಬ್ಬರಿಗೂ ಯೋಚಿಸುವ ಧೈರ್ಯವಿರಲಿಲ್ಲ.

ಫೆಬ್ರವರಿ ಹತ್ತರ ಬೆಳಿಗ್ಗೆ ಕೊನೆಯ ತೂಕ ಮುಗಿಯಿತು. ಇಂದುಮತಿ ಲೆಕ್ಕ ಮಾಡಿ ನಲವತ್ತೈದು ಡಿಗ್ರಿಯ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದರು. ಸಣ್ಣ ತೂತು ಹೇಳಿದ್ದು ಒಂದು ಬಿಂದು ನಾಲ್ಕು ಒಂಬತ್ತು. ನಡುವಿನದು ಒಂದು ಬಿಂದು ಐದು ಎರಡು. ದೊಡ್ಡದು ಒಂದು ಬಿಂದು ಐದು ಸೊನ್ನೆ. ಕಾಗದದ ಮೇಲೆ ಎಲ್ಲ ಬಿಂದುಗಳೂ ಇಪ್ಪತ್ತೈದು ಡಿಗ್ರಿಯಿಂದ ನಲವತ್ತೈದರವರೆಗೆ ಒಂದೇ ನೇರ ಗೆರೆಗೆ ಬಂದು ಕುಳಿತವು. ಕಾರ್ಖಾನೆಗೆ ಫೋನು ಹೋಯಿತು: ಮೂರು ಬೆರಳು ಅಗಲ, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಬೇಡ.

ಫೋನಿಟ್ಟು ಇಂದುಮತಿ ಕುರ್ಚಿಗೆ ಒರಗಿದರು. ಇದ್ದಕ್ಕಿದ್ದಂತೆ ನಗತೊಡಗಿದರು.

"ಕಾಕಾ, ಎರಡು ತಿಂಗಳು ನಾ ನಿಮ್ಮ ಗಂಧಕ್ಕ ಹೊಸ ಹರಳು ಅಂತ ಹೆಸರಿಟ್ಟು ಊರೆಲ್ಲಾ ಡಂಗುರಾ ಹೊಡದ್ನೆಲ್ರಿ!"

ಮೌನೇಶಪ್ಪನಿಗೆ ನಗು ಬರಲಿಲ್ಲ. "ನಿಮಗ ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ ಮೇಡಂ? ನಿಮ್ಮ ಹೆಸರು ಹೋತು, ದಿಲ್ಲಿ ಹೋತು."

"ಬಂದಿತ್ತು. ಸುಳ್ಳ ಯಾಕ ಹೇಳ್ಲಿ, ಭಾಳ ಬಂದಿತ್ತು. ಹೊರಗ ಹೋಗ್ರಿ ಅಂದ್ನೆಲ್ಲ, ಆವಾಗ ನೀವು ಇನ್ನೊಂದು ನಿಮಿಷ ನಿಂತಿದ್ರ ಏನ ಅಂತಿದ್ನೋ ಗೊತ್ತಿಲ್ಲ." ಅವರ ದನಿ ಇಳಿಯಿತು. "ಆಮ್ಯಾಲೆ ಊರುಗಳ ಯಾದಿ ತಗದು ನೋಡಿದ್ನಿ. ವರ್ಷದ ಒಳಗಿನ ಕೂಸು ಸಾವಿರದ ನಾಕುನೂರು ಅದಾವ ಕಾಕಾ ಗೆರಿ ಒಳಗ. ನೀವು ಸೂಜಿ ತಗೊಂಡು ಕೆರದು ಸುಮ್ಮನ ಕುಂತಿದ್ರ ನಾ ನನ್ನ ಕೈಯಾರೆ ಅಷ್ಟೂ ಕೂಸಿನ ಮೂಗಿಗೆ ಅದನ್ನ ಹಿಡೀತಿದ್ನಿ, ಸನ್ಮಾನಾನೂ ಮಾಡಿಸಿಕೊಳ್ತಿದ್ನಿ. ನಿಮಗ ನಾ ಏನ ಕೊಟ್ರೂ ಕಡಿಮಿ ಆಗ್ತದ."

ಅವರು ಎದ್ದು ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ಒಂದು ತಿಂಗಳಿನಿಂದ ಮೌನೇಶಪ್ಪ ಬೈಯುತ್ತ ಬಂದಿದ್ದ ಕೈಗಳು ಅವು. ಅವನಿಗೆ ಅಳು ತಡೆಯಲಾಗಲಿಲ್ಲ, ತಡೆಯುವ ಗೋಜಿಗೂ ಹೋಗಲಿಲ್ಲ.

ಮೇ ತಿಂಗಳ ನಡುವೆ ಅವನು ಮೂರು ವಾರ ರಜೆ ಹಾಕಿ, ಕಾಳವ್ವನನ್ನು ಕರೆದುಕೊಂಡು ಗೆರೆಯೊಳಕ್ಕೆ ಹೋದ. ಹೊಸ ಮರಳಗಡ್ಡಿಯ ತಗಡುಗಳು ಕಾದು ಕೆಂಡವಾಗಿದ್ದವು. ಪಂಚಾಯತಿಯ ಗೋಡೆಯ ಮೇಲೆ ನರ್ಸಬಾಯಿ ವಾರವಾರ ಜ್ವರದ ಹೆಸರು ಬರೆಯುವ ಹಲಗೆ ಇತ್ತು. ಏಳು ವಾರದಿಂದ ಅದರ ಮೇಲೆ ಒಂದು ಹೆಸರೂ ಬಿದ್ದಿರಲಿಲ್ಲ. ಕಾಳವ್ವ ಹಲಗೆಗೆ ಕೈ ಮುಗಿದು ಮುಂದೆ ನಡೆದಳು.

ಚಂಪಾ ಅಂಬಲಿ ಕೊಟ್ಟಳು, ಬೀಸಣಿಗೆ ಕೊಟ್ಟಳು, ತಾಯಿಯನ್ನು ತಬ್ಬಿಕೊಂಡು ಅತ್ತಳು, ಆಮೇಲೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ತೊಲೆಗೆ ಕಟ್ಟಿದ ಕಾಗದದ ಪಟ್ಟಿಯತ್ತ ಬೆರಳು ತೋರಿಸಿದಳು.

"ಅಲ್ಲೇ ಕೆಲಸಕ್ಕಿದ್ದು ಇಷ್ಟಽ ಸಣ್ಣದು ಕಳಿಸಿಯಲ್ಲಪ್ಪಾ! ಮೊದ್ಲ ಐದು ಬಟ್ಟು ಅಗಲ ಬರ್ತಾವ ಅಂದಿದ್ರು. ಬಂದಿದ್ದು ಮೂರು ಬಟ್ಟು. ಕಾಗದದಾಗ ಉಳಸ್ಯಾರ ನೋಡು ಅಂತ ಮಂದಿ ನಗ್ತಾರ. ನಿಮ್ಮ ಮೇಡಮ್ಮಾರಿಗೆ ಹೇಳಿ ನಮಗ ಒಂದಾರ ಜಾಸ್ತಿ ಕೊಡಸು. ನಿನಗ ಇಲ್ಲ ಅಂತಾರೇನ?"

ಮೌನೇಶಪ್ಪ ಪಟ್ಟಿಯತ್ತ ಒಮ್ಮೆ ನೋಡಿದ. ತೊಟ್ಟಿಲ ಹತ್ತಿರ ಹೋಗಿ ಬಗ್ಗಿದ. ಒಂಬತ್ತು ತಿಂಗಳ ಮೊಮ್ಮಗ ಆ ಸುಡುವ ಮಧ್ಯಾಹ್ನದಲ್ಲಿ ಬೆವತು, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿತ್ತು. ಅವನು ತನ್ನ ಬಲಗೈಯನ್ನು ಕೂಸಿನ ಎದೆಯ ಮೇಲೆ ಹಗುರಾಗಿ ಇಟ್ಟ. ಎದೆ ಏರಿತು, ಇಳಿಯಿತು. ಎಲ್ಲಿಯೂ ಕರಕರ ಸದ್ದಿಲ್ಲ, ಕೆಮ್ಮಿಲ್ಲ. ಅವನು ಕೈ ತೆಗೆಯದೆ ಹಾಗೇ ನಿಂತ.

"ಏನಪ್ಪಾ, ಕೇಳ್ತಿಯೋ ಇಲ್ಲೋ?" ಎಂದಳು ಚಂಪಾ.

"ಅಷ್ಟಽ ಸಾಕವ್ವಾ," ಎಂದ ಮೌನೇಶಪ್ಪ. "ಅಷ್ಟಽ ಬೇಕಾಗಿತ್ತು."